ಆಕಾಶಬುಟ್ಟಿಯಿಂದ ಕಟ್ಟಿನ ಸಾರಿನ ತನಕ: ಕಡಿಮೆ ಖರ್ಚಿನ ದೀಪಾವಳಿ ಮನೆಯಲ್ಲೇ ಮಾಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ, ಅಮಾವಾಸ್ಯೆಯ ಹಿಂದಿನ ಸಂಜೆ, ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋಗಿದ್ದೆ. ಕಾಲಿಡಲು ಜಾಗ ಇರಲಿಲ್ಲ. ಒಂದು ಕೈಯಲ್ಲಿ ರೆಡಿಮೇಡ್ ಆಕಾಶಬುಟ್ಟಿ, ಇನ್ನೊಂದರಲ್ಲಿ ಚೆಂಡು ಹೂವಿನ ಚೀಲ, ಬಗಲಲ್ಲಿ ಎರಡು ಕಬ್ಬು. ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಬರುವಷ್ಟರಲ್ಲಿ ಬುಟ್ಟಿಯ ಒಂದು ಮೂಲೆ ಯಾರದೋ ಮೊಣಕೈಗೆ ಸಿಕ್ಕಿ ಒಳಗೆ ಹೋಗಿತ್ತು. ಮರುದಿನ ಹಿಂಗಾರು ಮಳೆಯ ನಾಲ್ಕು ಹನಿ ಬಿದ್ದಿದ್ದೇ ತಡ, ಅದರ ಕೆಂಪು ಬಣ್ಣವೆಲ್ಲ ಗೋಡೆಗೆ ಇಳಿಯಿತು. ಲೆಕ್ಕ ಹಾಕಿದರೆ ಒಂದೇ ಸಂಜೆಯಲ್ಲಿ ಹದಿನೈದು ದಿನದ ಕಿರಾಣಿಯಷ್ಟು ಹಣ ಹೋಗಿತ್ತು.

ಅವ್ವ ಹೇಳಿದ್ದು ಇಷ್ಟೇ: "ರೊಕ್ಕ ಹಬ್ಬಕ್ಕ ಹೋಗಿಲ್ಲವಾ, ಗಡಿಬಿಡಿಗೆ ಹೋಗೇತಿ."

ಅದು ನಿಜ. ಎಂಟು ದಿನ ಮೊದಲೇ ಶುರು ಮಾಡಿದರೆ ದೀಪಾವಳಿಯ ಅರ್ಧ ಸಾಮಾನು ಮನೆಯಲ್ಲೇ ಆಗುತ್ತದೆ. ಯಾವುದನ್ನು ಯಾವ ದಿನ ಮಾಡಬೇಕು ಅನ್ನೋದು ಗೊತ್ತಿರಬೇಕು, ಅಷ್ಟೇ. ಅದಕ್ಕೇ ಈ ಮಾರ್ಗದರ್ಶಿಯನ್ನು ದಿನದ ಲೆಕ್ಕದಲ್ಲಿ ಬರೆದಿದ್ದೇನೆ. ದರ ಬರೆದಿಲ್ಲ. ಹಬ್ಬದ ಪೇಟೆಯಲ್ಲಿ ಬೆಳಿಗ್ಗೆ ಒಂದು ದರ, ಸಂಜೆ ಇನ್ನೊಂದು. ಎಷ್ಟು ಬೇಕು ಅನ್ನೋ ಅಳತೆ ಮಾತ್ರ ಕೊಟ್ಟಿದ್ದೇನೆ. ಐದಾರು ಜನರ ಮನೆಗೆ ಸಾಕಾಗುವ ಅಳತೆ ಇದು.

ಎಂಟು ದಿನ ಮೊದಲು: ಆಕಾಶಬುಟ್ಟಿ

ಮೊದಲು ಇದನ್ನೇ ಮಾಡಿ. ಅಂಟು ಒಣಗಲು ಸಮಯ ಬೇಕು. ಮಕ್ಕಳಿದ್ದರೆ ಇನ್ನೂ ಜಾಸ್ತಿ ಸಮಯ ಬೇಕು.

ನಾನು ಹೇಳುವುದು ಹಳೆಯ ಮಾದರಿಯ ಬುಟ್ಟಿ. ನೋಡಲು ಕಷ್ಟ ಅನಿಸುತ್ತದೆ. ಆದರೆ ಗುಟ್ಟು ಬಹಳ ಸರಳ: ಒಂದೇ ಅಳತೆಯ ಆರು ಚೌಕ ಮಾಡಿ, ಮೂಲೆಗೆ ಮೂಲೆ ಕಟ್ಟಿದರೆ ಬುಟ್ಟಿ ತಾನಾಗಿಯೇ ಆಕಾರಕ್ಕೆ ಬರುತ್ತದೆ.

ಬೇಕಾದದ್ದು: 8 ಇಂಚು ಉದ್ದದ 24 ಬಿದಿರು ಕಡ್ಡಿ. ಒಂದೆರಡು ಮುರಿಯುತ್ತವೆ, 28 ಇಟ್ಟುಕೊಳ್ಳಿ. ಬುಟ್ಟಿ, ಮೊರ ಹೆಣೆಯುವ ಮೇದಾರರ ಹತ್ತಿರ ಕೇಳಿದರೆ ಸೀಳಿದ ಬಿದಿರು ಸಿಗುತ್ತದೆ. ಪೆನ್ಸಿಲ್ಲಿಗಿಂತ ತೆಳ್ಳಗೆ, ಊದುಬತ್ತಿ ಕಡ್ಡಿಗಿಂತ ದಪ್ಪಗೆ ಇರಲಿ. ಹತ್ತಿಯ ನೂಲು. ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದ ಮೂರು ಹಾಳೆ. ಎರಡು ಚಮಚ ಮೈದಾ. ಒಂದು ಸಣ್ಣ ಎಲ್‌ಇಡಿ ಬಲ್ಬು, ಹೋಲ್ಡರು, ವೈರು.

ನಾಲ್ಕು ಕಡ್ಡಿಗಳ ತುದಿಯನ್ನು ಒಂದರ ಮೇಲೊಂದು ಅಡ್ಡ ಇಟ್ಟು ನೂಲಿನಿಂದ ಬಿಗಿಯಾಗಿ ಕಟ್ಟಿ. ಒಂದು ಚೌಕ ಆಯಿತು. ಇಲ್ಲೇ ಹೆಚ್ಚಿನವರು ಎಡವುತ್ತಾರೆ. ಕಡ್ಡಿಗಳು ಸಮ ಇದ್ದರೂ ಚೌಕ ಸೊಟ್ಟಗಾಗಿ ಶಂಕರಪಾಳಿಯ ಆಕಾರಕ್ಕೆ ತಿರುಗಿರುತ್ತದೆ. ಕಣ್ಣಳತೆ ನಂಬಬೇಡಿ. ಎದುರು ಬದುರು ಮೂಲೆಗಳ ನಡುವೆ ಟೇಪು ಹಿಡಿಯಿರಿ. ಎರಡೂ ಕಡೆ 11 ಇಂಚಿಗಿಂತ ಸ್ವಲ್ಪ ಜಾಸ್ತಿ, ಸರಿಯಾಗಿ ಒಂದೇ ಅಳತೆ ಬರಬೇಕು. ಒಂದು ಕಡೆ ಹೆಚ್ಚಿದ್ದರೆ ಆ ಎರಡು ಮೂಲೆಗಳನ್ನು ಮೆಲ್ಲಗೆ ಒಳಗೆ ಒತ್ತಿ, ಗಂಟಿನ ಮೇಲೆ ಒಂದು ಹನಿ ಅಂಟು ಹಾಕಿ ಒಣಗಲು ಬಿಡಿ. ಹೀಗೇ ಆರು ಮಾಡಿ.

ಈಗ ನಾಲ್ಕು ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಗಾಳಿಪಟದ ಹಾಗೆ. ಒಂದರ ಬಲ ಮೂಲೆಗೆ ಮುಂದಿನದರ ಎಡ ಮೂಲೆ ಕಟ್ಟುತ್ತಾ ಹೋಗಿ. ನಾಲ್ಕನೆಯದನ್ನು ತಂದು ಮೊದಲನೆಯದಕ್ಕೆ ಸೇರಿಸಿ. ಒಂದು ಬಳೆಯ ಹಾಗೆ ಆಯಿತಲ್ವಾ? ಈಗ ಮೇಲ್ಗಡೆ ನಾಲ್ಕು ತುದಿ, ಕೆಳಗಡೆ ನಾಲ್ಕು ತುದಿ ಇವೆ. ಐದನೆಯ ಚೌಕದ ನಾಲ್ಕು ಮೂಲೆಗಳನ್ನು ಮೇಲಿನ ನಾಲ್ಕು ತುದಿಗೆ ಕಟ್ಟಿ. ಆರನೆಯದನ್ನು ಕೆಳಗಿನದಕ್ಕೆ. ಅಲ್ಲಿಯವರೆಗೆ ಅಲುಗಾಡುತ್ತಿದ್ದ ಬುಟ್ಟಿ ಕೊನೆಯ ಗಂಟು ಬೀಳುತ್ತಿದ್ದಂತೆ ಗಟ್ಟಿಯಾಗಿ ನಿಲ್ಲುತ್ತದೆ. ಪ್ರತಿ ವರ್ಷ ಆ ಗಂಟಿಗಾಗಿಯೇ ನಾನು ಕಾಯುತ್ತೇನೆ.

ಅಂಟಿಗೆ ಎರಡು ಚಮಚ ಮೈದಾವನ್ನು ಒಂದು ಕಪ್ಪು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತಾ ಕುದಿಸಿ. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಹೊಳಪು ಬಂದಾಗ ಇಳಿಸಿ. ಪೂರ್ತಿ ತಣ್ಣಗಾದ ಮೇಲೆಯೇ ಬಳಸಿ.

ಬುಟ್ಟಿಯಲ್ಲಿ ಈಗ ಚೌಕ ಮತ್ತು ತ್ರಿಕೋನದ ಕಿಟಕಿಗಳು ಕಾಣುತ್ತವೆ. ಸುತ್ತಲಿನ 4 ಚೌಕ, 8 ತ್ರಿಕೋನಕ್ಕೆ ಮಾತ್ರ ಕಾಗದ. ತಲೆಯ ಚೌಕ, ತಳದ ಚೌಕ ತೆರೆದೇ ಇರಲಿ, ಗಾಳಿ ಆಡಬೇಕು. ಕಿಟಕಿಯನ್ನು ಕಾಗದದ ಮೇಲೆ ಇಟ್ಟು ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ, ಸುತ್ತ ಅರ್ಧ ಇಂಚು ಬಿಟ್ಟು ಕತ್ತರಿಸಿ. ಹಾಳೆ 20 ಇಂಚು ಅಗಲ, 30 ಇಂಚು ಉದ್ದ ಇದ್ದರೆ ಚೌಕಕ್ಕೆ ಒಂದು ಹಾಳೆ, ತ್ರಿಕೋನಕ್ಕೆ ಇನ್ನೊಂದು ಸಾಕು. ಮೂರನೆಯದು ಬಾಲಕ್ಕೆ. ಚೌಕಕ್ಕೆ ಹಳದಿ, ತ್ರಿಕೋನಕ್ಕೆ ಕೆಂಪು ಹಾಕಿದರೆ ದೀಪ ಹಚ್ಚಿದಾಗ ಚೆನ್ನಾಗಿ ಕಾಣುತ್ತದೆ. ಕಡುನೀಲಿ ಬೇಡ, ಬೆಳಕನ್ನೆಲ್ಲ ನುಂಗುತ್ತದೆ.

ಅಂಟನ್ನು ಕಾಗದಕ್ಕೆ ಸವರಬೇಡಿ, ಕಡ್ಡಿಗೆ ಸವರಿ. ಮೊದಲ ವರ್ಷ ನಾನು ಕಾಗದಕ್ಕೇ ಧಾರಾಳವಾಗಿ ಬಳಿದೆ. ಅದು ನೆನೆದು ಜೋತು ಬಿದ್ದು, ಒಣಗಿದ ಮೇಲೆ ಅಜ್ಜನ ಕೆನ್ನೆಯ ಹಾಗೆ ಸುಕ್ಕಾಗಿತ್ತು. ಕಡ್ಡಿಗೆ ತೆಳ್ಳಗೆ ಸವರಿ, ಕಾಗದವನ್ನು ಎದುರು ಬದುರು ಅಂಚಿನಿಂದ ಎಳೆದು ಕೂರಿಸಿ, ಉಳಿದ ಅರ್ಧ ಇಂಚನ್ನು ಕಡ್ಡಿಯ ಹಿಂದಕ್ಕೆ ಮಡಚಿ.

ಬಾಲಕ್ಕೆ ಮೂರನೆಯ ಹಾಳೆಯನ್ನು ಉದ್ದಕ್ಕೆ ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ ತಳದ ಚೌಕದ ಕಡ್ಡಿಗಳಿಗೆ ಅಂಟಿಸಿ. ತಲೆಯ ಚೌಕಕ್ಕೆ ಒಂದು ಅಡ್ಡ ಕಡ್ಡಿ ಕಟ್ಟಿ, ಅದರಿಂದ ಹೋಲ್ಡರನ್ನು ಇಳಿಬಿಡಿ. ಬಲ್ಬು ನಟ್ಟ ನಡುವೆ ಇರಬೇಕು, ಕಾಗದಕ್ಕೆ ತಾಗಬಾರದು. ಹಳೆಯ ಕಾಲದ ಬಿಸಿಯಾಗುವ ಬಲ್ಬು ಬೇಡವೇ ಬೇಡ, ಒಳಗೆ ಪಣತಿಯಂತೂ ಬೇಡ. 3 ವ್ಯಾಟಿನಿಂದ 5 ವ್ಯಾಟಿನ ಎಲ್‌ಇಡಿ ಸಾಕು. ಮಲಗುವಾಗ ಆರಿಸಿ. ಈ ಕಾಗದವೂ ಮಳೆಗೆ ನಿಲ್ಲುವುದಿಲ್ಲ, ಆದ್ದರಿಂದ ಪಡಸಾಲೆಯ ಚಾವಣಿಯ ಕೆಳಗೇ ತೂಗುಹಾಕಿ.

ಹಬ್ಬ ಮುಗಿದ ಮೇಲೆ ಕಾಗದ ಹರಿದು ತೆಗೆದು ಬರೀ ಅಸ್ಥಿಪಂಜರವನ್ನು ಅಟ್ಟದ ಮೊಳೆಗೆ ಹಾಕಿ. ಕಾಗದದ ಸಮೇತ ಇಟ್ಟರೆ ಮೈದಾದ ಆಸೆಗೆ ಜಿರಳೆ, ಇಲಿ ಬರುತ್ತವೆ. ಬಿದಿರು ಚೆನ್ನಾಗಿದ್ದರೆ ಮುಂದಿನ ವರ್ಷ ಮೂರು ಹಾಳೆ ಕಾಗದವಷ್ಟೇ ಖರ್ಚು.

ಆರು ದಿನ ಮೊದಲು: ಪಣತಿ, ಬತ್ತಿ

ಹೊಸ ಪಣತಿ ಮನೆಗೆ ಬಂದ ತಕ್ಷಣ ನೀರಿನಲ್ಲಿ ಮುಳುಗಿಸಬೇಕು. ಬಕೆಟ್ಟಿನಲ್ಲಿ ಹಾಕಿದರೆ ಗುಳುಗುಳು ಸದ್ದು ಮಾಡುತ್ತಾ ಗುಳ್ಳೆ ಬಿಡುತ್ತವೆ. ಗುಳ್ಳೆ ನಿಂತ ಮೇಲೂ ಒಂದು ರಾತ್ರಿ ಇರಲಿ. ಆಮೇಲೆ ನೆರಳಿನಲ್ಲಿ ಒಣಗಿಸಿ. ಹೀಗೆ ಮಾಡದಿದ್ದರೆ ಮಣ್ಣೇ ಎಣ್ಣೆ ಕುಡಿಯುತ್ತದೆ, ಇಪ್ಪತ್ತು ಪಣತಿ ಇಟ್ಟವರಿಗೆ ಅದೇ ದೊಡ್ಡ ನಷ್ಟ. ಪಕ್ಕದ ಮನೆಯ ವೈನಿ ಹಬ್ಬದ ಮುಂಚೆ ಕಂಪೌಂಡಿನ ಆಚೆಯಿಂದ ಕೇಳುವ ಮೊದಲ ಪ್ರಶ್ನೆಯೇ ಇದು: "ಏನ್ರಿ, ಪಣತಿ ನೀರಾಗ ಹಾಕಿದ್ರೇನು?"

ಹಳೆಯ ಪಣತಿಗಳನ್ನು ಬಿಸಾಡಬೇಡಿ. ಕುದಿಯುವ ನೀರಿಗೆ ಅಂಟುವಾಳ ಅಥವಾ ಸೋಪಿನ ಪುಡಿ ಹಾಕಿ ಅದರಲ್ಲಿ ಒಂದು ತಾಸು ನೆನೆಸಿಟ್ಟು ತೆಂಗಿನ ನಾರಿನಿಂದ ತಿಕ್ಕಿ. ಕಪ್ಪು ಪೂರ್ತಿ ಹೋಗುವುದಿಲ್ಲ. ಹೊರಮೈಗೆ ಹುರಮಂಜಿನ ನೀರು ಬಳಿದು, ಒಣಗಿದ ಮೇಲೆ ಕಿವಿ ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ ಅಂಚಿಗೆ ಚುಕ್ಕೆ ಇಡಿ. ಕೆಂಪಿನ ಮೇಲೆ ಬಿಳಿ ಚುಕ್ಕೆ ಬಿದ್ದರೆ ಪೇಟೆಯ ಮಿರಿಮಿರಿ ಬಣ್ಣದ ಪಣತಿ ಅದರ ಮುಂದೆ ಏನೂ ಅಲ್ಲ.

ಬತ್ತಿಗೆ ಹತ್ತಿಯನ್ನು ಹಿಂಜಿ, ಅಂಗೈಗೆ ಸ್ವಲ್ಪ ಹಾಲು ಅಥವಾ ವಿಭೂತಿ ಹಚ್ಚಿಕೊಂಡು ಹೊಸೆಯಿರಿ. ಬತ್ತಿ ದಪ್ಪಗಾದಷ್ಟೂ ಎಣ್ಣೆ ಬೇಗ ಮುಗಿಯುತ್ತದೆ, ಹೊಗೆಯೂ ಜಾಸ್ತಿ. ಟಿವಿ ನೋಡುತ್ತಾ ಮಾಡುವ ಕೆಲಸ ಇದು. ಇದಕ್ಕೆ ಪ್ರತ್ಯೇಕ ಸಮಯ ಬೇಕಿಲ್ಲ.

ಚಕ್ಕಲಿ, ಶಂಕರಪಾಳಿ ಕರಿದು ಉಳಿದ ಎಣ್ಣೆಯನ್ನು ಪಣತಿಗೆ ಹಾಕಬಹುದೇ? ನಮ್ಮ ಆಯಿ ಕೇಳಿದ್ದರೆ ಬೈಯುತ್ತಿದ್ದರು. ನಾನು ಮಧ್ಯದ ದಾರಿ ಹಿಡಿದಿದ್ದೇನೆ: ದೇವರ ಮುಂದೆ, ತುಳಸಿ ಕಟ್ಟೆಗೆ, ಹೊಸ್ತಿಲಿಗೆ ಹೊಸ ಎಣ್ಣೆ. ಕಂಪೌಂಡಿನ ಗೋಡೆಯ ಮೇಲಿನ ಸಾಲಿಗೆ ಬಟ್ಟೆಯಲ್ಲಿ ಸೋಸಿದ ಕರಿದ ಎಣ್ಣೆ.

ನಾಲ್ಕು ದಿನ ಮೊದಲು: ಡಬ್ಬಿ ತುಂಬುವ ತಿಂಡಿ

ಎಲ್ಲವನ್ನೂ ಮಾಡಲು ಹೋಗಬೇಡಿ. ಚಕ್ಕಲಿ, ಕರ್ಚಿಕಾಯಿ, ಶೇವು, ಬೇಸನ್ ಉಂಡಿ, ಚೂಡಾ, ಶಂಕರಪಾಳಿ ಅಂತ ಪಟ್ಟಿ ಹಾಕಿದರೆ ಎರಡು ದಿನ ಒಲೆಯ ಮುಂದೆಯೇ ಕಳೆದುಹೋಗುತ್ತದೆ. ಒಂದು ಖಾರ, ಒಂದು ಸಿಹಿ ಸಾಕು. ನನ್ನ ಆಯ್ಕೆ ಅವಲಕ್ಕಿ ಚೂಡಾ ಮತ್ತು ಶಂಕರಪಾಳಿ. ಕಡಿಮೆ ಸಾಮಾನಿನಲ್ಲಿ ದೊಡ್ಡ ಡಬ್ಬಿ ತುಂಬುವ ತಿಂಡಿಗಳು ಇವೇ.

ಚೂಡಾಗೆ ತೆಳು ಅವಲಕ್ಕಿ ಅರ್ಧ ಕಿಲೋ. ದಪ್ಪ ಅವಲಕ್ಕಿ ನಡೆಯುವುದಿಲ್ಲ. ಶೇಂಗಾ 150 ಗ್ರಾಂ, ಪುಠಾಣಿ 75 ಗ್ರಾಂ, ತೆಳ್ಳಗೆ ಹೆಚ್ಚಿದ ಒಣ ಕೊಬ್ಬರಿ ಅರ್ಧ ಬಟ್ಟಲು, ಹಸಿಮೆಣಸಿನಕಾಯಿ ಎಂಟು ಹತ್ತು, ಕರಿಬೇವು ಎರಡು ಹಿಡಿ, ಸಾಸಿವೆ, ಅರಿಶಿನ ಅರ್ಧ ಚಮಚ, ಎಣ್ಣೆ ಅರ್ಧ ಕಪ್ಪು, ಉಪ್ಪು, ಸಕ್ಕರೆ ಎರಡು ದೊಡ್ಡ ಚಮಚ.

ಅವಲಕ್ಕಿಯನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಎರಡು ಮೂರು ತಾಸು ಬಿಸಿಲಿಗಿಡಿ. ಮೋಡ ಇದ್ದರೆ ದೊಡ್ಡ ಬುಟ್ಟಿಯಲ್ಲಿ (ನಮ್ಮ ಕಡೆ ಕಡಾಯಿಗೆ ಬುಟ್ಟಿ ಅಂತಲೇ ಅನ್ನುತ್ತೇವೆ) ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿಯಿರಿ. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಪುಡಿಯಾಗಬೇಕು, ಮಡಚಿಕೊಳ್ಳಬಾರದು. ಎಣ್ಣೆ ಕಾಯಿಸಿ ಮೊದಲು ಶೇಂಗಾ, ಅದು ಕೆಂಪಗಾದ ಮೇಲೆ ಕೊಬ್ಬರಿ, ಪುಠಾಣಿ ಹುರಿದು ತೆಗೆದಿಡಿ. ಅದೇ ಎಣ್ಣೆಗೆ ಸಾಸಿವೆ, ಆಮೇಲೆ ಹಸಿಮೆಣಸಿನಕಾಯಿ, ಕರಿಬೇವು.

ಚೂಡಾ ಮೆತ್ತಗಾಗುವುದು ಇಲ್ಲೇ. ಮೆಣಸಿನಕಾಯಿಯಲ್ಲಿ ಒಂದಿಷ್ಟು ಹಸಿ ಉಳಿದರೂ ಮೂರನೆಯ ದಿನಕ್ಕೆ ಇಡೀ ಡಬ್ಬಿ ಮೆತ್ತಗಾಗುತ್ತದೆ. ಅದು ಬಿಳುಚಿ, ಅಲುಗಿಸಿದರೆ ಕಟಕಟ ಸದ್ದು ಬರುವವರೆಗೆ ಸಣ್ಣ ಉರಿಯಲ್ಲಿ ಬಿಡಿ. ಆಮೇಲೆ ಅರಿಶಿನ ಹಾಕಿ ಉರಿ ಆರಿಸಿ, ಅವಲಕ್ಕಿ, ಹುರಿದದ್ದು ಎಲ್ಲ ಹಾಕಿ ಕೆಳಗಿನಿಂದ ಮೇಲಕ್ಕೆ ಕೈಯಾಡಿಸಿ. ಉಪ್ಪು, ಸಕ್ಕರೆಯನ್ನು ಸೇರಿಸಿಯೇ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಉದುರಿಸಬೇಕು. ಹಾಗೇ ಹಾಕಿದರೆ ಎಲ್ಲ ಡಬ್ಬಿಯ ತಳಕ್ಕೆ ಇಳಿದು, ಮೇಲಿನವರಿಗೆ ಸಪ್ಪೆ, ಕೊನೆಯವರಿಗೆ ಬರೀ ಉಪ್ಪು. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ.

ಶಂಕರಪಾಳಿಗೆ ಒಂದೇ ಬಟ್ಟಲಿನ ಲೆಕ್ಕ. ಅರ್ಧ ಬಟ್ಟಲು ಹಾಲು, ಅರ್ಧ ಬಟ್ಟಲು ಸಕ್ಕರೆ, ಅರ್ಧ ಬಟ್ಟಲು ತುಪ್ಪ. ಮೂರನ್ನೂ ಸಕ್ಕರೆ ಕರಗುವವರೆಗೆ ಬಿಸಿ ಮಾಡಿ, ಕುದಿಸಬೇಡಿ. ಉಗುರು ಬೆಚ್ಚಗಾದ ಮೇಲೆ ಚಿಟಿಕೆ ಉಪ್ಪು, ಎರಡು ಚಮಚ ಸಣ್ಣ ರವೆ, ಹಿಡಿಯುವಷ್ಟು ಮೈದಾ ಹಾಕಿ ಕಲಸಿ. ಸುಮಾರು ಎರಡೂವರೆಯಿಂದ ಮೂರು ಬಟ್ಟಲು ಹಿಡಿಯುತ್ತದೆ. ಅರ್ಧ ಮೈದಾ, ಅರ್ಧ ಗೋಧಿ ಹಿಟ್ಟೂ ಆಗುತ್ತದೆ, ಬಣ್ಣ ಸ್ವಲ್ಪ ಕಂದು ಬರುತ್ತದೆ ಅಷ್ಟೇ. ಅರ್ಧ ತಾಸು ಮುಚ್ಚಿಟ್ಟು, ಚಪಾತಿಗಿಂತ ದಪ್ಪಗೆ ಲಟ್ಟಿಸಿ, ಓರೆ ಓರೆಯಾಗಿ ಕತ್ತರಿಸಿ.

ಮೊದಲು ಒಂದೇ ಒಂದು ತುಂಡು ಎಣ್ಣೆಗೆ ಬಿಡಿ. ಅದು ಬಿರಿದು ಪುಡಿಪುಡಿಯಾದರೆ ತುಪ್ಪ ಜಾಸ್ತಿಯಾಗಿದೆ ಅಂತ ಅರ್ಥ. ಹಿಟ್ಟಿಗೆ ಇನ್ನೊಂದು ಹಿಡಿ ಮೈದಾ ಸೇರಿಸಿ ನಾದಿ. ಕಲ್ಲಿನ ಹಾಗೆ ಗಟ್ಟಿಯಾದರೆ ತುಪ್ಪ ಸಾಲದು, ಒಂದು ಚಮಚ ಕಾಯಿಸಿದ ತುಪ್ಪ ಸೇರಿಸಿ. ಆ ಒಂದು ತುಂಡಿನ ಪರೀಕ್ಷೆ ಬಿಟ್ಟು ಒಮ್ಮೆಲೇ ಬುಟ್ಟಿ ತುಂಬ ಹಾಕಿ, ಒಂದು ಸಲ ಎಣ್ಣೆ, ಹಿಟ್ಟು ಎರಡನ್ನೂ ಕಳೆದುಕೊಂಡಿದ್ದೇನೆ. ಉರಿ ಮಧ್ಯಮಕ್ಕಿಂತ ಕಡಿಮೆ ಇರಲಿ. ಹೊಂಬಣ್ಣಕ್ಕಿಂತ ಒಂದು ಗುಂಜಿ ಮೊದಲೇ ತೆಗೆಯಿರಿ, ಆಚೆ ಬಂದ ಮೇಲೂ ಕೆಂಪಗಾಗುತ್ತದೆ.

ನೀರು ತುಂಬುವ ಹಬ್ಬ

ತ್ರಯೋದಶಿಯ ಸಂಜೆ ಬಚ್ಚಲ ಮನೆಯ ಸರದಿ. ಹಂಡೆ ಇರುವವರು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಥಳಥಳ ಮಾಡಿ, ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಚೆಂದದ ಅಲಂಕಾರ ನನಗೆ ಗೊತ್ತಿಲ್ಲ. ಗೀಸರಿನವರಿಗೆ ಕಷ್ಟ, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ಒಂದು ತಾಮ್ರದ ಕೊಡಕ್ಕೇ ಎಲ್ಲ ಶೃಂಗಾರ ಮಾಡಿ, ಮರುದಿನ ಬೆಳಿಗ್ಗೆ ಬಿಸಿ ನೀರನ್ನು ಅದಕ್ಕೆ ಸುರುವಿಕೊಳ್ಳುತ್ತೇವೆ. ಎಣ್ಣೆ ಹಚ್ಚಿಕೊಂಡು ಕೂತವರಿಗೆ ನೀರು ಎಲ್ಲಿ ಕಾಯಿತು ಅನ್ನೋದು ಗೊತ್ತಾಗುವುದಿಲ್ಲ.

ಚತುರ್ದಶಿಯ ಬೆಳಗಿನ ಆರತಿ ತಟ್ಟೆಯನ್ನೂ ಅವತ್ತೇ ಜೋಡಿಸಿಟ್ಟುಕೊಳ್ಳಿ. ಅಣ್ಣ ತಮ್ಮಂದಿರು ಕೂತು ಕಾಯುತ್ತಿರುವಾಗ ಕುಂಕುಮದ ಬಟ್ಟಲು ಹುಡುಕುವುದು ನಮ್ಮ ಮನೆಯ ಸಂಪ್ರದಾಯವೇ ಆಗಿಬಿಟ್ಟಿತ್ತು.

ತೋರಣ, ರಂಗೋಲಿ

ಹೂವನ್ನು ಕೊನೆಯ ಸಂಜೆ ಕೊಳ್ಳಬೇಡಿ. ಚೆಂಡು ಹೂ ಗಟ್ಟಿ, ಮೂರು ದಿನ ಬಾಳುತ್ತದೆ. ಚತುರ್ದಶಿಯ ಬೆಳಿಗ್ಗೆ ಬೇಗ ಹೋಗಿ ಹಳ್ಳಿಯಿಂದ ಬಂದ ರೈತರ ಹತ್ತಿರವೇ ಕಿಲೋ ಲೆಕ್ಕದಲ್ಲಿ ತನ್ನಿ. ಕಟ್ಟಿದ ಹಾರ ಬೇಡ, ಬಿಡಿ ಹೂ ತನ್ನಿ. ಹಾರದಲ್ಲಿ ನೀವು ಕಟ್ಟುವ ಕೂಲಿಯನ್ನೂ ಕೊಡುತ್ತೀರಿ, ಜೊತೆಗೆ ಒಳಗೆ ಬಾಡಿದ ಹೂ ಎಷ್ಟಿದೆ ಅಂತ ಕಾಣುವುದೂ ಇಲ್ಲ. ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ತಂಪಾದ ಮೂಲೆಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಟ್ಟರೆ ಬೆವರಿ ಕೊಳೆಯುತ್ತದೆ.

ಮೂರೂವರೆ ಅಡಿ ಬಾಗಿಲಿಗೆ ಬರೀ ಹೂವಿನ ತೋರಣವಾದರೆ ಎರಡು ಇಂಚಿನ 21 ಹೂ ಬೇಕು. ನಡುನಡುವೆ ಮಾವಿನ ಎಲೆ ಹಾಕಿದರೆ 11 ಸಾಕು. ಒಂದು ಕಿಲೋದಲ್ಲಿ ನೂರರ ಆಸುಪಾಸು ಹೂ ಬರುತ್ತವೆ, ಆದ್ದರಿಂದ ಒಂದು ಕಿಲೋ ಅಂದರೆ ತೋರಣ, ದೇವರ ಜಗಲಿ, ಗಾಡಿ, ಪಾಡ್ಯದ ದಿನ ಮಾಡುವ ಸಗಣಿಯ ಪಾಂಡವರು, ಎಲ್ಲಕ್ಕೂ ಆಯಿತು.

ಪೋಣಿಸುವುದರಲ್ಲಿ ಎರಡು ಬಗೆ ಇದೆ. ದಬ್ಬಣವನ್ನು ಹೂವಿನ ನಟ್ಟ ನಡುವಿನಿಂದ ತೊಟ್ಟಿನ ಕಡೆಗೆ ತೂರಿಸಿದರೆ ಹೂಗಳು ಒಂದರ ಮೇಲೊಂದು ಕೂತು ಇಳಿಬಿಡುವ ಸರ ಆಗುತ್ತದೆ. ತೊಟ್ಟಿನ ಹಸಿರು ಭಾಗದಲ್ಲಿ ಅಡ್ಡಡ್ಡ ತೂರಿಸಿದರೆ ಎಲ್ಲ ಹೂ ಮುಂದಕ್ಕೆ ಮುಖ ಮಾಡುತ್ತವೆ. ಬಾಗಿಲ ತೋರಣಕ್ಕೆ ಎರಡನೆಯದು. ಸುತಳಿಗೆ ಪೋಣಿಸಿ, ದಾರ ಬೇಡ. ಭಾರಕ್ಕೆ ದಾರ ಹೂವನ್ನೇ ಕೊಯ್ಯುತ್ತದೆ. ಮಾವಿನ ಎಲೆಯನ್ನು ತೊಟ್ಟಿನ ಹತ್ತಿರ ಮಡಚಿ, ಅದೇ ತೊಟ್ಟಿನಿಂದ ಪಿನ್ನಿನ ಹಾಗೆ ಚುಚ್ಚಿ ಸುತಳಿಗೆ ಸಿಕ್ಕಿಸಿ.

ಉದುರಿದ ಎಸಳು, ಮುರಿದ ಹೂ ಯಾವುದನ್ನೂ ಎಸೆಯಬೇಡಿ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಗೆರೆ ಮಾತ್ರ ಎಳೆದು ಒಳಗೆ ಎಸಳು ತುಂಬಿ. ಬಣ್ಣದ ಪುಡಿಯ ಖರ್ಚೇ ಇಲ್ಲ. ಅಪಾರ್ಟ್‌ಮೆಂಟಿನ ನುಣುಪು ಟೈಲ್ಸ್ ಮೇಲೆ ಪುಡಿ ನಿಲ್ಲುವುದಿಲ್ಲ ಅನ್ನುವವರು ಅಕ್ಕಿ ಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಬಟ್ಟೆಯ ತುಂಡು ಅದ್ದಿ ಬೆರಳಿನಿಂದ ಬರೆಯಿರಿ. ಬರೆಯುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗೆ ಎದ್ದು ಕಾಣುತ್ತದೆ.

ಮನೆಯ ಮುಂದೆ ನಾಲ್ಕು ಅಡಿ ಮಣ್ಣಿದ್ದರೆ ಮುಂದಿನ ವರ್ಷ ಹೂವನ್ನೂ ಕೊಳ್ಳಬೇಕಿಲ್ಲ. ಚೆಂಡು ಹೂ ಬೀಜ ಹಾಕಿದ ಎರಡು ತಿಂಗಳ ಸುಮಾರಿಗೆ ಹೂ ಬಿಡುತ್ತದೆ. ನಾಗರ ಪಂಚಮಿ ಮುಗಿದ ಮೇಲೆ, ಗಣೇಶ ಚೌತಿಗೆ ಮೊದಲು ಹಾಕಿದರೆ ದೀಪಾವಳಿಗೆ ಸರಿಯಾಗಿ ಸಿಗುತ್ತದೆ.

ಅಮಾವಾಸ್ಯೆಯ ಊಟ: ಹೋಳಿಗೆ, ಕಟ್ಟಿನ ಸಾರು

ಒಂದೇ ಬೇಳೆಯಿಂದ ಸಿಹಿ, ಸಾರು ಎರಡೂ ಆಗುವ ಅಡುಗೆ ಇದು. ಕಡಿಮೆ ಖರ್ಚಿನ ಹಬ್ಬಕ್ಕೆ ಬೇರೆ ಯೋಚನೆಯೇ ಬೇಡ.

ಕಡಲೆ ಬೇಳೆ ಅರ್ಧ ಕಿಲೋ, ಬೆಲ್ಲ ಅರ್ಧ ಕಿಲೋ. ಇಪ್ಪತ್ತರ ಮೇಲೆ ಹೋಳಿಗೆ ಆಗುತ್ತವೆ. ಮೊದಲು ಕಣಕ ಕಲಸಿಡಿ: ಎರಡು ಬಟ್ಟಲು ಗೋಧಿ ಹಿಟ್ಟು, ಅರ್ಧ ಬಟ್ಟಲು ಸಣ್ಣ ರವೆ, ಚಿಟಿಕೆ ಉಪ್ಪು, ಚಿಟಿಕೆ ಅರಿಶಿನ. ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ, ನಾಲ್ಕೈದು ಚಮಚ ಎಣ್ಣೆ ಹಾಕಿ ನಾದಿ, ಎರಡು ತಾಸು ಮುಚ್ಚಿಡಿ. ಎಳೆದರೆ ರಬ್ಬರಿನ ಹಾಗೆ ಬರಬೇಕು.

ಬೇಳೆಗೆ ಅದರ ಐದು ಪಟ್ಟು ನೀರು ಹಾಕಿ, ಒಂದು ಚಮಚ ಎಣ್ಣೆ, ಅರಿಶಿನ ಹಾಕಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರಿನಲ್ಲಿ ಗ್ಯಾಸ್ ಉಳಿಯುತ್ತದೆ ನಿಜ, ಆದರೆ ಒಂದು ಸೀಟಿ ಹೆಚ್ಚಾದರೂ ಬೇಳೆ ಕರಗಿ ಕಟ್ಟೂ ಇಲ್ಲ, ಹೂರಣವೂ ಇಲ್ಲ ಅನ್ನೋ ಹಾಗೆ ಆಗುತ್ತದೆ. ಬೇಳೆಯನ್ನು ಮುಂಚೆ ಒಂದು ತಾಸು ನೆನೆಸಿಟ್ಟರೆ ಗ್ಯಾಸಿನ ಚಿಂತೆಯೂ ಕಡಿಮೆ. ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು, ಪಾತ್ರೆಯಲ್ಲಿ ಮಾತ್ರ ಕಾಳಿನ ಆಕಾರ ಇರಬೇಕು. ಆಗ ಬಸಿಯಿರಿ. ಕೆಳಗೆ ಬಂದ ನೀರೇ ಕಟ್ಟು. ಸುಮಾರು ಒಂದು ಲೀಟರ್ ಸಿಗಬೇಕು, ಕಡಿಮೆ ಬಿದ್ದರೆ ಬೇಳೆಯ ಮೇಲೆ ಬಿಸಿ ನೀರು ಹಾಕಿ ಇನ್ನೊಮ್ಮೆ ಬಸಿಯಿರಿ.

ಬೇಳೆಗೆ ಕುಟ್ಟಿದ ಬೆಲ್ಲ ಹಾಕಿ ಒಲೆಯ ಮೇಲಿಡಿ. ಬೆಲ್ಲ ಕರಗಿ ಮೊದಲು ನೀರಾಗುತ್ತದೆ. ಹೆದರಬೇಡಿ. ತಿರುವುತ್ತಾ ಇದ್ದರೆ ಗಟ್ಟಿಯಾಗುತ್ತದೆ. ನಡುವೆ ಚಮಚ ನೆಟ್ಟರೆ ಬೀಳದೆ ನಿಲ್ಲಬೇಕು, ಅದೇ ಹದ. ಏಲಕ್ಕಿ, ಜಾಜಿಕಾಯಿ, ಚೂರು ಒಣ ಶುಂಠಿ ಪುಡಿ ಹಾಕಿ ಬಿಸಿ ಇರುವಾಗಲೇ ಅರೆಯಿರಿ. ಆರಿದ ಮೇಲೆ ಅರೆಯಲು ಹೋದರೆ ಮಿಕ್ಸಿ ನರಳುತ್ತದೆ. ಸಾರಿಗೆ ಅಂತ ನಿಂಬೆಹಣ್ಣಿನ ಗಾತ್ರದ ಹೂರಣ ತೆಗೆದಿಡಿ.

ಕಣಕದ ಉಂಡೆಗಿಂತ ಹೂರಣದ ಉಂಡೆ ದೊಡ್ಡದಿರಬೇಕು. ಕಣಕದಲ್ಲಿ ಹೂರಣ ತುಂಬಿ ಬಾಯಿ ಮುಚ್ಚಿ, ಅಕ್ಕಿ ಹಿಟ್ಟು ಉದುರಿಸಿ ಅಂಚಿನಿಂದ ಲಟ್ಟಿಸಿ. ಹರಿದುಹೋಗುತ್ತಿದ್ದರೆ ಹೆಚ್ಚಿನ ಸಲ ತಪ್ಪು ಕಣಕದ್ದಲ್ಲ, ಹೂರಣ ಕಣಕಕ್ಕಿಂತ ಗಟ್ಟಿ ಇದೆ ಅಂತ. ಒಂದೆರಡು ಚಮಚ ಹಾಲು ಹಾಕಿ ಹೂರಣವನ್ನು ನಾದಿ, ಎರಡೂ ಒಂದೇ ಮೆತ್ತನೆಗೆ ಬಂದರೆ ತಾನಾಗಿ ಹರಡುತ್ತದೆ. ಕಾದ ತವೆಯ ಮೇಲೆ ಎರಡೂ ಕಡೆ ಬೇಯಿಸಿ, ಇಳಿಸುವಾಗ ತುಪ್ಪ ಸವರಿ.

ಇನ್ನು ಸಾರು. ಒಣ ಕೊಬ್ಬರಿ ತುರಿ ಮೂರು ಚಮಚ, ಧನಿಯಾ ಒಂದು ದೊಡ್ಡ ಚಮಚ, ಜೀರಿಗೆ ಒಂದು ಸಣ್ಣ ಚಮಚ, ಒಂದು ಇಂಚು ಚಕ್ಕೆ, ಮೂರು ಲವಂಗ, ಆರು ಕಾಳು ಮೆಣಸು, ಆರು ಬ್ಯಾಡಗಿ ಮೆಣಸಿನಕಾಯಿ. ಬ್ಯಾಡಗಿ ಕೊಡುವುದು ಮುಖ್ಯವಾಗಿ ಬಣ್ಣ, ಖಾರ ಕಡಿಮೆ. ನಮ್ಮ ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಖಾರ ಬೇಕೆನ್ನುವವರು ಒಂದೆರಡು ಗುಂಟೂರು ಸೇರಿಸಿಕೊಳ್ಳಿ. ಎಲ್ಲವನ್ನೂ ಒಣದಾಗಿ ಹುರಿದು ತೆಗೆದಿಟ್ಟ ಹೂರಣದ ಜೊತೆ ಅರೆಯಿರಿ. ಎಣ್ಣೆಗೆ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಇಂಗು. ಆಮೇಲೆ ಅರೆದದ್ದು, ಹುಣಸೆ ರಸ, ಉಪ್ಪು, ಕಟ್ಟು. ಹತ್ತು ನಿಮಿಷ ಸಣ್ಣಗೆ ಕುದಿಯಲಿ. ಪೂಜೆಯ ದಿನ ಬೆಳ್ಳುಳ್ಳಿ ತಿನ್ನದ ಮನೆಯಾದರೆ ಇಂಗು ಸ್ವಲ್ಪ ಜಾಸ್ತಿ ಹಾಕಿ.

ಜೊತೆಗೆ ಅನ್ನ, ಹೆಸರು ಬೇಳೆ ಕೋಸಂಬರಿ, ಒಂದು ಬದನೆಕಾಯಿ ಪಲ್ಯ. ಸಾಕು. ಕಟ್ಟಿನ ಸಾರು ಮರುದಿನ ಇನ್ನೂ ರುಚಿ. ಹಾಗಾಗಿ ಸ್ವಲ್ಪ ಜಾಸ್ತಿಯೇ ಮಾಡಿ, ಪಾಡ್ಯದ ಬೆಳಿಗ್ಗೆ ಒಲೆಯ ಹತ್ತಿರ ಹೋಗುವ ಕೆಲಸ ತಪ್ಪುತ್ತದೆ.

ಪಾಡ್ಯ: ಸಗಣಿಯ ಪಾಂಡವರು

ಅವತ್ತು ಬೆಳಿಗ್ಗೆ ಬೇರೆ ಕೆಲಸ ಇದೆ. ತಾಜಾ ಸಗಣಿ ಬೇಕು. ನಾವು ಹಾಲು ತರುವ ಗೌಳಿಗರ ಮನೆಯಲ್ಲೇ ಹಿಂದಿನ ದಿನ ಹೇಳಿಟ್ಟಿರುತ್ತೇವೆ. ಪಾಡ್ಯದ ದಿನ ಅವರೂ ಎಮ್ಮೆಗಳನ್ನು ತೊಳೆದು ಕೋಡಿಗೆ ಬಣ್ಣ ಬಳಿದು ಸಿಂಗರಿಸುವ ಗಡಿಬಿಡಿಯಲ್ಲಿರುತ್ತಾರೆ, ತಡವಾಗಿ ಹೋದರೆ ಯಾರೂ ಕೈಗೆ ಸಿಗುವುದಿಲ್ಲ.

ಸಗಣಿಯನ್ನು ಐದು ಉಂಡೆ ಮಾಡಿ, ಕೆಳಗೆ ಅಗಲ, ಮೇಲೆ ಚೂಪು ಬರುವಂತೆ ಒತ್ತಿ ನಿಲ್ಲಿಸಿ. ಗೇಣಿಗಿಂತ ಎತ್ತರ ಬೇಡ, ವಾಲುತ್ತವೆ. ತುದಿಗೆ ಉತ್ತರಾಣಿ ಕಡ್ಡಿ, ಚೆಂಡು ಹೂ ಚುಚ್ಚಿ, ಅರಿಶಿನ ಕುಂಕುಮ ಏರಿಸಿ. ಬಾಗಿಲ ಎರಡೂ ಕಡೆ, ಅಂಗಳದಲ್ಲಿ, ಹಿತ್ತಲಲ್ಲಿ ಇಡುವ ಪದ್ಧತಿ ಮನೆಯಿಂದ ಮನೆಗೆ ಬೇರೆ. ಕೆಲವು ಕಡೆ ಇದನ್ನೇ ಹಟ್ಟೆವ್ವ ಅನ್ನುತ್ತಾರೆ. ಉತ್ತರಾಣಿ ಖಾಲಿ ಸೈಟುಗಳಲ್ಲಿ ಎಲ್ಲೆಂದರಲ್ಲಿ ಬೆಳೆದಿರುತ್ತದೆ. ಅದರ ಕಾಯಿ ಸೀರೆಗೆ, ಪ್ಯಾಂಟಿಗೆ ಅಂಟಿಕೊಳ್ಳುತ್ತದೆ, ಕೀಳುವಾಗ ಹುಷಾರು. ಇಡೀ ದೀಪಾವಳಿಯಲ್ಲಿ ನಮ್ಮ ಮನೆಯ ಮಕ್ಕಳು ಮೊಬೈಲ್ ಬಿಟ್ಟು ಕೂರುವುದು ಈ ಒಂದು ತಾಸು. ಕಳೆದ ಸಲ ಭೀಮನನ್ನು ಎಷ್ಟು ದಪ್ಪ ಮಾಡಿದರೆಂದರೆ ನಕುಲ ಸಹದೇವರಿಗೆ ಸಗಣಿಯೇ ಉಳಿದಿರಲಿಲ್ಲ.

ಹಬ್ಬ ಮುಗಿದ ಮೇಲೆ ಒಣಗಿದ ಪಾಂಡವರನ್ನು ಪುಡಿ ಮಾಡಿ ಗಿಡದ ಬುಡಕ್ಕೆ ಹಾಕಿ. ತೋರಣವನ್ನು ಇಳಿಸಿ ನೆರಳಿನಲ್ಲೇ ಒಣಗಲು ಬಿಡಿ. ಹೂ ಗರಿಗರಿಯಾದ ಮೇಲೆ ತೊಟ್ಟು ಹಿಡಿದು ಎಸಳನ್ನು ಎಳೆದರೆ ಕಪ್ಪು, ಉದ್ದನೆಯ ಬೀಜಗಳು ಕೈಗೆ ಬರುತ್ತವೆ. ಬಿಳುಚಿಕೊಂಡ ಜೊಳ್ಳು ಬೀಜ ಹಾರಿಸಿ, ಕಪ್ಪನೆಯವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಮೇಲೆ "ಪಂಚಮಿ ಆದ ಮೇಲೆ" ಅಂತ ಬರೆದು ಸಾಸಿವೆ ಡಬ್ಬಿಯ ಪಕ್ಕ ಇಡಿ.